ಅಡ್ಮಿನ್ ಅಪ್ಪಣೆಯ ಕನ್ನಡ

1956ರಲ್ಲಿ ಭಾಷಾವಾರು ರಾಜ್ಯಗಳು ರೂಪುಗೊಂಡಾಗ ನಮ್ಮ ತಾಳವಾಡಿ ಬೆಟ್ಟಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ನಾವು ಕನ್ನಡದಲ್ಲೇ ಉಳಿದೆವು. ಇಂದು ಕಚೇರಿಯ ಗಣಕಯಂತ್ರದಲ್ಲಿ, ಹಣ ತೆತ್ತು ಪರವಾನಗಿ ಪಡೆದ ಕೆಲವು ಕನ್ನಡ ತಂತ್ರಾಂಶಗಳೂ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ತೆರೆದುಕೊಳ್ಳವು. ಆ ಬೀಗವನ್ನು ನಾವು ದೂರುವುದಿಲ್ಲ. ವೈರಸ್ ತಡೆಗೆ ಅದು ಬೇಕು. ಅಳವಡಿಸುವಾಗ ಒಮ್ಮೆ ಅನುಮತಿ ಕೇಳುವುದು ನ್ಯಾಯ, ದಿನವೂ ಕೇಳುವುದು ಅನ್ಯಾಯ. ಬಳಕೆದಾರರ ಫೋಲ್ಡರಿನಲ್ಲಿ ಇಡಬೇಕಾದುದನ್ನು ಸಿಸ್ಟಂ ಫೋಲ್ಡರಿನಲ್ಲಿ ಬರೆಯಹೊರಡುವ ತಯಾರಕರ ಆಲಸ್ಯಕ್ಕೆ ಕನ್ನಡವೇಕೆ ದಂಡ ತೆರಬೇಕು? ವಿಂಡೋಸ್ 10ರಲ್ಲಿ 2019ರಿಂದ ಉಚ್ಚಾರಣೆಯಂತೆ ಬೆರಳಚ್ಚಿಸುವ ಕನ್ನಡ ಕೀಲಿಮಣೆ ಒಳಗೇ ಇದೆ; ಅದನ್ನು ಸೇರಿಸಿಕೊಳ್ಳಲು ಸಾಮಾನ್ಯವಾಗಿ ಅಡ್ಮಿನ್ ಹಕ್ಕು ಬೇಡ. ಪರವಾನಗಿಗೆ ಹಣ ತೆರುವ ಮುನ್ನ ಇದನ್ನು ಕೇಳಿಯೇ ಕೊಳ್ಳೋಣ. ಬೀಗ ಕಚೇರಿಗಿರಲಿ; ಕನ್ನಡಕ್ಕೆ ಬೇಡ.