ರಿಲೇ ಮೇಲಿನ ಅಂಕಿ ಓದಿ, ಆಮೇಲೆ ಬೋರ್ಡಿಗೆ ಹಾಕಿ!

ಕನ್ನಡದ ತರುಣ ಗೆಳೆಯರೇ,

ನಿಮ್ಮಲ್ಲಿ ಅನೇಕರು ಐಟಿಐ, ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲೋ ರಾಯಚೂರಿನಲ್ಲೋ ವೈರಿಂಗ್ ಕೆಲಸಕ್ಕೆ ಸೇರಿದ್ದೀರಿ. ಗಬ್ಬೂರಿನ ಮುದ್ರಣಾಲಯದಿಂದ ನಾನೊಂದು ಪ್ರಶ್ನೆ ಕೇಳುತ್ತೇನೆ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು. ಅದರ ಮೇಲೆ ‘10 ಆಂಪಿಯರ್, 250 ವೋಲ್ಟ್ ಎಸಿ’ ಎಂದಿದ್ದರೆ 10 ಆಂಪಿಯರ್ ಮೋಟಾರನ್ನು ಅದಕ್ಕೆ ಕಟ್ಟಬಹುದೇ?

ಕೂಡದು! ಆ ಅಂಕಿ ಸಾಮಾನ್ಯವಾಗಿ ಹೀಟರಿನಂಥ ಸಾದಾ ಲೋಡಿಗೆ. ನೇರವಾಗಿ ಹಾಕಿದ ಮೋಟಾರು ಹೊರಡುವಾಗ ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ನಿಲ್ಲಿಸುವಾಗ ಕಾಂಟ್ಯಾಕ್ಟುಗಳ ನಡುವೆ ಕಿಡಿ ಏಳುತ್ತದೆ. ನಮ್ಮ 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಆ ಕಿಡಿ ಬೇಗ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಅದಕ್ಕೇ ಅದೇ ರಿಲೇ ಮೇಲೆ ಡಿಸಿಗೆ ಬರೀ 30 ವೋಲ್ಟ್ ಎಂದು ಬರೆದಿರುತ್ತದೆ.

ಇನ್ನು ಆಯುಷ್ಯ. ಇಂಥ ರಿಲೇಗೆ ಆಯುಷ್ಯ ಎರಡು. ಲೋಡಿಲ್ಲದೆ ಬಡಿದರೆ ಸುಮಾರು 1 ಕೋಟಿ ಸಲ, ಪೂರ್ತಿ ಲೋಡಿನಲ್ಲಿ ಸುಮಾರು 1 ಲಕ್ಷ ಸಲ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೊಮ್ಮೆಯಂತೆ 8 ಗಂಟೆ ನಡೆದರೆ ದಿನಕ್ಕೆ 480 ಸಲ. ರಜೆಯಿಲ್ಲದೆ ದುಡಿದರೆ 1 ಕೋಟಿಗೆ 57 ವರ್ಷ. 1 ಲಕ್ಷಕ್ಕೆ? ಬರೀ 208 ದಿನ! ಜಾಹೀರಾತಿನಲ್ಲಿ ಮಿಂಚುವುದು ಮೊದಲನೆಯದು, ಬೋರ್ಡಿನಲ್ಲಿ ನಡೆಯುವುದು ಎರಡನೆಯದು.

ನಮ್ಮ ಕಸುಬಿನಲ್ಲಿ ಪ್ಲೇಟು ಹಾಕುವಾಗ ಮಷೀನನ್ನು ಇಂಚಿಂಚೇ ತಿರುಗಿಸುತ್ತೇವೆ. ಮೋಟಾರು ಓಟ ಹಿಡಿಯುವ ಮೊದಲೇ ಆ ಭಾರೀ ಕರೆಂಟನ್ನು ಕಡಿಯಬೇಕು. ಆದ್ದರಿಂದಲೇ ರಿಲೇಯ ಅಣ್ಣನಾದ ಕಾಂಟ್ಯಾಕ್ಟರಿಗೆ ದರ್ಜೆಗಳಿವೆ: ಹೀಟರಿಗೆ ಎಸಿ-1, ಮೋಟಾರಿಗೆ ಎಸಿ-3, ಇಂಚಿಂಗಿಗೆ ಎಸಿ-4. ವೋಲ್ಟೇಜ್ ಇಳಿದು ಕಾಂಟ್ಯಾಕ್ಟರು ಗರಗರ ಎಂದು ಬಡಿದುಕೊಂಡರಂತೂ ಸವಕಳಿ ಇನ್ನೂ ಬೇಗ.

ಸವೆದರೆ ಹೊಸದು ಹಾಕಿದರಾಯ್ತು ಎನ್ನಬೇಡಿ. ಕಾಂಟ್ಯಾಕ್ಟು ಕರಗಿ ಬೆಸೆದುಕೊಂಡರೆ ಕೆಂಪು ಗುಂಡಿ ಒತ್ತಿದರೂ ಮಷೀನು ನಿಲ್ಲದು. ಅದರ ಬಾಯಲ್ಲಿರುವುದು ಕೆಲಸಗಾರನ ಕೈ! ಅಪಾಯದ ಯಂತ್ರಗಳಿಗೆ ಸಾಲಾಗಿ ಎರಡು ಕಾಂಟ್ಯಾಕ್ಟರು ಹಾಕುವುದು ಈ ಕಾರಣಕ್ಕೇ.

ಈ ಅಂಕಿಗಳ ಹಾಳೆ ಬರುವುದು ಇಂಗ್ಲಿಷಿನಲ್ಲಿ. ಗುಂಡಿ ಒತ್ತುವವನು ಕನ್ನಡದವನು. ನೀವು ಕಟ್ಟುವ ಪ್ರತಿ ಬೋರ್ಡಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ. ಯಾವ ಲೋಡು, ಎಂದು ಹಾಕಿದ್ದು, ಎಂದು ಬದಲಿಸಬೇಕು, ಮೂರನ್ನೂ ಅಚ್ಚ ಕನ್ನಡದಲ್ಲಿ ಬರೆಯಿರಿ. ಬಲ್ಲ ನೀವೇ ಬರೆಯದಿದ್ದರೆ ಇನ್ನಾರು ಬರೆಯಬೇಕು?