ಪಂಚಾಯತಿಯ ಮತಕ್ಕೆ ತೂಕ ಹೆಚ್ಚು



ಪಂಚಾಯತಿ ಚುನಾವಣೆ ಬಂದಾಗ "ಕೊಯ್ಲಿನ ಕಾಲ, ಪುರುಸೊತ್ತಿಲ್ಲ" ಎನ್ನುವವರು ನಮ್ಮಲ್ಲಿ ಹಲವರು. ಮಾತು ಸುಳ್ಳಲ್ಲ. 2020ರಲ್ಲಿ ಮತದಾನ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ಅರೇಬಿಕಾ ಹಣ್ಣು ಗಿಡದಲ್ಲಿ, ಅಡಿಕೆ ಅಂಗಳದಲ್ಲಿ ಇರುವ ಹೊತ್ತು.

ಆದರೂ ಒಂದು ಲೆಕ್ಕ ನೋಡಿ. 1993ರ ಪಂಚಾಯತ್ ರಾಜ್ ಕಾಯಿದೆಯಂತೆ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮಕ್ಕಳನ್ನೂ ಮತಗಟ್ಟೆಗೆ ಬಾರದವರನ್ನೂ ಕಳೆದರೆ ಉಳಿಯುವವರೆಷ್ಟು? ಒಂದು ಮನೆಯ ನಾಲ್ಕು ಮತ ಇಲ್ಲಿ ಫಲಿತಾಂಶವನ್ನೇ ತಿರುಗಿಸಬಲ್ಲದು. ಗೊಬ್ಬರದ ಜೀಪು ಹೂತುಕೊಳ್ಳುವ ಊರದಾರಿ, ಮೋರಿ, ಕುಡಿಯುವ ನೀರು ಎಲ್ಲವೂ ಮೊದಲು ಹೋಗುವುದು ಪಂಚಾಯತಿಗೇ. ವಿಧಾನಸಭೆಗೆ ತಪ್ಪದೆ ಮತ ಹಾಕಿ ಇದಕ್ಕೆ ಉದಾಸೀನ ಮಾಡುವುದು ಬುಡ ಬಿಟ್ಟು ತುದಿಗೆ ನೀರು ಹೊಯ್ದಂತೆ.

ಗುರುತಿನ ಚೀಟಿ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಪಂಚಾಯತಿಯ ಪಟ್ಟಿಗೆ ವಿಧಾನಸಭೆಯ ಪಟ್ಟಿಯೇ ಆಧಾರ. 18 ತುಂಬಿದ ಮಕ್ಕಳಿಗೆ ನಮೂನೆ 6. ಸೊಸೆಯ ಹೆಸರು ತವರಿನಿಂದ ವರ್ಗವಾಗಲು ನಮೂನೆ 8. ಮಳೆ ಬಿಡದೆ ಬೋರ್ಡೋ ಸಿಂಪಡಣೆ ನಿಂತ ದಿನವೊಂದು ಇದಕ್ಕೆ ಸಾಕು. ಚುನಾವಣೆ ಸಾರಿದ ಮೇಲೆ ಓಡಾಡುವುದು ಬೇಡ.

ತೋಟದ ಕೆಲಸಗಾರರಿಗೂ ಮತದಾನದ ದಿನ ಸಂಬಳ ಸಹಿತ ಬಿಡುವು ಕೊಡಿ. ಅದೇ ದಾರಿ, ಅದೇ ನೀರು ಅವರದೂ ಹೌದು. ಯಾರಿಗೆ ಹಾಕಿದಿರೆಂದು ಮಾತ್ರ ಕೇಳಬೇಡಿ.

ಮಹಾಸಭೆಗೆ ಬಾರದೆ ಲಾಭಾಂಶ ಸಾಲದೆಂದು ದೂರುವ ಸದಸ್ಯನಿಗೆ ಸಂಘದಲ್ಲಿ ನಾವು ಏನು ಹೇಳುತ್ತೇವೆ? ಮತ ಹಾಕದೆ ಪಂಚಾಯತಿಯನ್ನು ಬೈಯುವವನಿಗೂ ಅದೇ ಉತ್ತರ.