ಎರಡು ಬಣ್ಣದ ಮರ

ಶಿಡ್ಲಘಟ್ಟದ ವಾಚಕರೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಮಗನು ಕಾಲೇಜಿನ ಎನ್.ಸಿ.ಸಿ. ದಳವನ್ನು ಸೇರಿರುವನು. ಕವಾಯಿತಿಗೆಂದು ಅವನ ಕೈಗೆ ಬಂದ ಹಳೆಯ ಬಂದೂಕಿನಲ್ಲಿ ಹೆಗಲಿಗೆ ಒತ್ತುವ ಹಿಂದಣ ಮರವು ಹಳೆಯ ಹುಣಿಸೆಹಣ್ಣಿನಂತೆ ಕಪ್ಪು. ಮುಂದಣ ಮರವು ಹೊಸ ಬಾಗಿಲಿನಂತೆ ಬಿಳುಪು. ನಳಿಕೆಯ ಮೇಲಿನ ಹೊದಿಕೆಯೋ ಎರಡಕ್ಕೂ ಸೇರದ ಕೆಂಪು. ಸಾಲದುದಕ್ಕೆ ಮರದ ಬದಿಯಲ್ಲಿ 'ಡಿ.ಪಿ.' ಎಂಬ ಇಂಗ್ಲಿಷ್ ಅಕ್ಷರಗಳ ಒಡ್ಡು ಮುದ್ರೆ. ಜೊತೆಯ ಹುಡುಗರು ನಕ್ಕರಂತೆ. ಗಣರಾಜ್ಯೋತ್ಸವದ ದಿನ ಚಿಕ್ಕಬಳ್ಳಾಪುರದ ಮೈದಾನದಲ್ಲಿ ಇದನ್ನು ಹಿಡಿದು ನಡೆಯುವುದು ಹೇಗೆಂದು ನಾಚಿದ ಹುಡುಗನು, ಬಂದೂಕು ಒರಸುವ ದಿನ ಉಪ್ಪುಕಾಗದದಿಂದ ಮರವನ್ನೆಲ್ಲ ಉಜ್ಜಿ, ಒಂದೇ ಬಣ್ಣ ಬಳಿದುಬಿಡಲೇ ಎಂದು ತಂದೆಯನ್ನು ಕೇಳಿರುವನು. ಮನೆಯ ಅಜ್ಜಿಯವರ ತವರು ಗೌರಿಬಿದನೂರಿನ ಕಡೆ. ಬಣ್ಣದ ಮಾತಿರಲಿ, ಆ ವಸ್ತುವನ್ನು ಮುಟ್ಟುವುದೇ ಬೇಡವೆಂದು ಅವರ ಹಟ. ಇಬ್ಬರಿಗೂ ಏನು ಹೇಳಲೆಂಬುದು ತಂದೆಯವರ ಪ್ರಶ್ನೆ.

ಮೊದಲು ಹುಡುಗನ ಮಾತನ್ನು ನೋಡೋಣ. ಅವರ ವರ್ಣನೆಯಿಂದ ಅದು ಜನರು 'ತ್ರೀ-ನಾಟ್-ತ್ರೀ' ಎನ್ನುವ ಲೀ-ಎನ್‌ಫೀಲ್ಡ್ ಬಂದೂಕೆಂದು ತಿಳಿಯುವುದು. ಬ್ರಿಟಿಷ್ ಸೇನೆಯು 1907ರಲ್ಲಿ ಅಂಗೀಕರಿಸಿದ ಮಾದರಿ ಅದು. ನಮ್ಮಲ್ಲಿ ಬಂಗಾಳದ ಇಛಾಪುರದ ಕಾರ್ಖಾನೆಯು ಸ್ವಾತಂತ್ರ್ಯದ ತರುವಾಯವೂ ಅದನ್ನು ತಯಾರಿಸುತ್ತಿತ್ತು. ಉತ್ತರಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ಅದಕ್ಕೆ ವಿದಾಯ ಹೇಳಿದರೆಂದರೆ ಅದರ ದೀರ್ಘಾಯುಸ್ಸನ್ನು ಊಹಿಸಬಹುದು.

ಈ ಬಂದೂಕಿನ ಮರವು ಹುಟ್ಟಿನಿಂದಲೇ ಒಂದು ತುಂಡಲ್ಲ. ಹಿಂದಣ ಮರವು ಬೇರೆ. ಉದ್ದವಾದ ಬೋಲ್ಟೊಂದು ಅದನ್ನು ಕಬ್ಬಿಣದ ಒಡಲಿಗೆ ಬಿಗಿದಿರುವುದು. ಸಿಪಾಯಿಗಳ ತೋಳಿನ ಅಳತೆಗೆ ಒಪ್ಪುವಂತೆ ಅದನ್ನು ಉದ್ದ, ಸಾಧಾರಣ, ಗಿಡ್ಡ ಎಂದು ಬೇರೆಬೇರೆ ಅಳತೆಗಳಲ್ಲಿ ಮಾಡುತ್ತಿದ್ದರು. ನಳಿಕೆಯನ್ನು ಕೆಳಗಿನಿಂದ ಹೊತ್ತ ಮುಂದಣ ಮರವು ಮತ್ತೊಂದು. ನಿಮಿಷಕ್ಕೆ 15 ಗುಂಡು ಹಾರಿಸಿದಾಗ ಕಾದ ನಳಿಕೆಯು ಕೈಸುಡದಂತೆ ಮೇಲೆ ಕೂರಿಸುವ ಹೊದಿಕೆಯದು ಇನ್ನೆರಡು ತುಂಡು. ಒಬ್ಬ ಹೋಗಿ ಮತ್ತೊಬ್ಬ ಬಂದರೆ ಹಿಂದಣ ಮರವು ಬದಲಾಗಬಹುದು. ಕೆಳಗೆ ಬಿದ್ದರೆ ಹೊದಿಕೆಯು ಸೀಳಬಹುದು. ಎಣ್ಣೆ ಹೀರಿ ಮೆತ್ತಗಾದ ಮುಂದಣ ಮರವು ಗುಂಡಿನ ಹಿಮ್ಮೊಗದ ಒದೆತಕ್ಕೆ ಬಿರಿಯಬಹುದು.

ದುರಸ್ತಿಯ ಕಾರ್ಖಾನೆಯಲ್ಲಿ ಇಂತಹ ಬಂದೂಕುಗಳನ್ನು ನೂರುಗಟ್ಟಲೆ ಬಿಚ್ಚುವರು. ಗಟ್ಟಿಯಾದುದನ್ನು ಉಳಿಸಿ, ಕೆಟ್ಟುದನ್ನು ತೆಗೆದು, ಉಗ್ರಾಣದಲ್ಲಿ ಕೈಗೆ ಸಿಕ್ಕಿದ ಸರಿಯಾದ ತುಂಡನ್ನು ಕೂರಿಸುವರು. ಆ ತುಂಡು ಎಲ್ಲಿಯ ಮರವೋ! ಇಂಗ್ಲೆಂಡಿನವರು ಅಕ್ರೋಟಿನ ಮರವನ್ನು ಮೆಚ್ಚಿದ್ದರೂ ಯುದ್ಧಕಾಲದಲ್ಲಿ ಬೀಚ್ ಮರವನ್ನೂ ಬಳಸಿದರು. ಆಸ್ಟ್ರೇಲಿಯದವರು ತಮ್ಮ ಕೋಚ್‌ವುಡ್ ಮರವನ್ನು ಕಡಿದರು. ಒಂದೇ ಜಾತಿಯ ಮರವಾದರೂ, ಮೂವತ್ತು ವರ್ಷ ಅಗಸೆಯೆಣ್ಣೆಯನ್ನೂ ಕೈಯ ಬೆವರನ್ನೂ ಕುಡಿದುದಕ್ಕೂ ನಿನ್ನೆ ಕೆತ್ತಿದುದಕ್ಕೂ ಬಣ್ಣ ಒಂದೇ ಆದೀತೆ? ಇಛಾಪುರದವರು ಮುಂದಣ ಮರವು ಸೀಳದಿರಲೆಂದು ಅಡ್ಡಲಾಗಿ ತಿರುಪುಮೊಳೆಯನ್ನು ಹಾಕಿ, ಬಿರುಕಿದ್ದಲ್ಲಿ ಮರದ ತೇಪೆಯನ್ನೂ ಕೂರಿಸುತ್ತಿದ್ದರು. ಹೀಗೆ ಬಣ್ಣದ ಭೇದವು ಆ ಬಂದೂಕಿನ ದುರಸ್ತಿಯ ಲೆಕ್ಕಪುಸ್ತಕವೇ ಸರಿ.

ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. ಚಿಂತಾಮಣಿಯ ಕಡೆಯ ರೈತನು ಎತ್ತಿನ ಗಾಡಿಯ ಚಕ್ರದಲ್ಲಿ ಒಂದು ಅರೆಕಾಲು ಮುರಿದರೆ ಅದೊಂದನ್ನೇ ಹೊಸದಾಗಿ ಹಾಕಿಸುತ್ತಿದ್ದನು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರ ಹಳೆಯ ಚರಕಗಳಲ್ಲಿಯೂ ಹಳೆ ಮರಕ್ಕೆ ಹೊಸ ಮರ ಕೂಡಿರುವುದು. ಬಡಗಿಯನ್ನು ಕೇಳಬೇಕಾದುದು ಬಣ್ಣ ಹೊಂದಿತೇ ಎಂದಲ್ಲ, ಕೀಲು ಹೊಂದಿತೇ ಎಂದು. ಬಂದೂಕಿಗೂ ಅದೇ ಪರೀಕ್ಷೆ: ಹಿಂದಣ ಮರವು ಅಲುಗಕೂಡದು, ಮುಂದಣ ಮರವು ಕಬ್ಬಿಣಕ್ಕೆ ಸಮವಾಗಿ ಆತುಕೊಂಡಿರಬೇಕು, ಬಿರುಕು ಇರಕೂಡದು.

ವಿದೇಶಗಳಲ್ಲಿ ಸೇನೆಯ ಹಳೆಯ ಬಂದೂಕುಗಳನ್ನು ಕೊಂಡು ಕೂಡಿಡುವವರುಂಟು. ಚೆಂದಕ್ಕೆಂದು ಮರವನ್ನು ಉಜ್ಜಿ ಒಂದೇ ಬಣ್ಣ ಮಾಡಿದ ಬಂದೂಕಿಗೆ ಅವರಲ್ಲಿ ಬಲ್ಲವರು ಬೆಲೆಯನ್ನು ಕಡಿಮೆ ಕಟ್ಟುವರು. ಉಜ್ಜಿದರೆ ಮರವು ಸವೆದು ಕಬ್ಬಿಣದ ಅಂಚಿಗಿಂತ ತಗ್ಗುವುದು. ಮರದ ಮೇಲಿನ ಮುದ್ರೆಗಳು ಅಳಿಯುವುವು.

ಈ ಮುದ್ರೆಯ ಸಂಗತಿಯನ್ನೇ ಹುಡುಗನು ಮನಸ್ಸಿಟ್ಟು ಕೇಳಬೇಕು. ಅವನು ವಿಕಾರವೆಂದು ಬಗೆದ 'ಡಿ.ಪಿ.' ಎಂಬುದಕ್ಕೆ 'ಕವಾಯಿತಿಗೆ ಮಾತ್ರ' ಎಂದು ಅರ್ಥ. ಈ ಬಂದೂಕು ಗುಂಡು ಹಾರಿಸಲು ಯೋಗ್ಯವಲ್ಲ, ಹಾರಿಸಿದರೆ ಹಿಡಿದವನಿಗೇ ಅಪಾಯ ಎಂಬ ಎಚ್ಚರಿಕೆ ಅದು. ಅದನ್ನು ಉಪ್ಪುಕಾಗದದಿಂದ ಅಳಿಸಿ ಮೇಲೆ ಹೊಳಪು ಬಳಿದರೆ, ಮುಂದೊಂದು ದಿನ ಇದರ ಪೂರ್ವೋತ್ತರವನ್ನರಿಯದವನು ಇದನ್ನು ಒಳ್ಳೆಯ ಬಂದೂಕೆಂದು ಭ್ರಮಿಸಲಾರನೆಂದು ಹೇಳುವರಾರು? ಅಲ್ಲದೆ ಅದು ಸರಕಾರದ ಸೊತ್ತು. ಅದರ ದುರಸ್ತಿಗೆ ಅದಕ್ಕೆಂದೇ ನೇಮಿಸಿದವರಿರುವರು. ಹುಡುಗನು ಒಣಬಟ್ಟೆಯಿಂದ ಒರಸಲಿ. ಮರವು ಅಲುಗಿದರೆ ಅಧಿಕಾರಿಗೆ ತಿಳಿಸಲಿ. ಅದಕ್ಕೆ ಮೀರಿ ಏನನ್ನೂ ಮಾಡದಿರಲಿ.

ಇನ್ನು ಅಜ್ಜಿಯವರ ಮಾತು. ಅವರ ಅಂಜಿಕೆಯನ್ನು ಮೌಢ್ಯವೆಂದು ತಳ್ಳತಕ್ಕುದಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿಯೆಂದು ಸರಕಾರದ ಲೆಕ್ಕ. 30ಕ್ಕೂ ಮೇಲೆಂದು ಜನರ ಲೆಕ್ಕ. ಮರುತಿಂಗಳೇ ಮಿರ್ಜಾ-ಪಟೇಲ್ ಒಪ್ಪಂದವಾಗಿ ಧ್ವಜಕ್ಕೆ ಅನುಮತಿ ದೊರೆಯಿತು, ಹೋದವರು ಮರಳಲಿಲ್ಲ. ಅದನ್ನು ತಂದೆತಾಯಿಗಳ ಬಾಯಿಂದ ಕೇಳುತ್ತ ಬೆಳೆದವರಿಗೆ ಬಂದೂಕನ್ನು ಕಂಡರೆ ಮನಸ್ಸು ಕಲಕುವುದು ಸಹಜವೇ.

ಆದರೆ ಅಜ್ಜಿಯವರೂ ಒಂದನ್ನು ಯೋಚಿಸಬೇಕು. ಇದು ಹಾರದ ಬಂದೂಕು. ಕಲಿಯುವುದು ಕೈಯ ಶಿಸ್ತನ್ನು. ಬಂದೂಕೆಂದರೆ ಏನೆಂದು ತಿಳಿದ ಕೈಗಿಂತ ತಿಳಿಯದ ಕೈಗೆ ನಾವು ಹೆಚ್ಚು ಅಂಜಬೇಕು. ಮೊಮ್ಮಗನನ್ನು ತಡೆಯುವ ಬದಲು, ಕವಾಯಿತಿಗೆ ಮುನ್ನ ಒಂದು ಭಾನುವಾರ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿ, ಹುತಾತ್ಮರ ಸ್ಮಾರಕದ ಮುಂದೆ ನಿಲ್ಲಿಸಿ, ತಾವು ಕೇಳಿದ ಕಥೆಯನ್ನು ತಾವೇ ಹೇಳಲಿ. ಎರಡು ಲೆಕ್ಕಗಳನ್ನೂ ಹೇಳಲಿ. ಒಂದನ್ನು ಉಜ್ಜಿ ಇನ್ನೊಂದಕ್ಕೆ ಹೊಂದಿಸುವುದು ಬೇಡ.

ಅಷ್ಟಾದ ಮೇಲೆ ಹುಡುಗನು ಜನವರಿ 26ರಂದು ಆ ಮೂರು ಬಣ್ಣದ ಬಂದೂಕನ್ನೇ ಹೆಗಲಿಗೇರಿಸಿ ನಡೆಯಲಿ. ಯಾರಾದರೂ ನಕ್ಕರೆ, ಯಾವ ಮರವು ಏತಕ್ಕೆ ಬಂದಿತೆಂದು ಹೇಳಬಲ್ಲನಲ್ಲ, ಅದು ಸಾಕು.